ಅಂಗಡಿಯ ಸಿಬ್ಬಂದಿ ರಜೆಗೆ ಮೊದಲ ಸ್ಪ್ರೆಡ್‌ಶೀಟ್: ಖಾಲಿ ಹಾಳೆಯಿಂದ ಶುರು ಮಾಡಿ

ನಾನು ಶಿರಸಿಯಲ್ಲಿ ಒಂದು ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ನಾವು ಒಟ್ಟು ಒಂಬತ್ತು ಜನ. 2024ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಎಲ್ಲರ ಮನೆಯಲ್ಲೂ ನೆಂಟರು. ದೇವಿ ರಥದಲ್ಲಿ ಬಿಡಕಿಬೈಲಿನ ಗದ್ದುಗೆಗೆ ಬರುವ ದಿನ ನಮ್ಮಲ್ಲಿ ನಾಲ್ವರು ಕೆಲಸಕ್ಕೆ ಬರಲಿಲ್ಲ. ನಾಲ್ವರೂ ಕೇಳಿಯೇ ಹೋಗಿದ್ದರು. ಒಬ್ಬರು ಡೈರಿಯಲ್ಲಿ ಬರೆಸಿದ್ದರು. ಒಬ್ಬರು ವಾಟ್ಸ್‌ಆ್ಯಪ್ ಮಾಡಿದ್ದರು. ಒಬ್ಬರು ಮಾಲೀಕರಿಗೆ ಫೋನ್ ಮಾಡಿದ್ದರು. ಇನ್ನೊಬ್ಬರು ಚಹಾ ಕುಡಿಯುವಾಗ ನನಗೆ ಬಾಯಲ್ಲಿ ಹೇಳಿದ್ದರು. ಎಲ್ಲರಿಗೂ "ಆಯ್ತು" ಅಂದಿದ್ದೆವು. ಆ ನಾಲ್ಕು "ಆಯ್ತು" ಒಂದೇ ಕಡೆ ಬರೆದಿರಲಿಲ್ಲ.

ಆ ವರ್ಷವೇ ಸ್ಪ್ರೆಡ್‌ಶೀಟ್ ಮಾಡಲು ಕೂತೆ. ಮೊದಲ ಸಲ ಸರಿಯಾಗಲಿಲ್ಲ, ಎರಡನೇ ಸಲ ಆಯಿತು. ಈಗ ನಡೆಯುತ್ತಿರುವ ಹಾಳೆಯನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ನೀವು ಸ್ಪ್ರೆಡ್‌ಶೀಟ್ ಮುಟ್ಟಿಯೇ ಇಲ್ಲವಾದರೂ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ.

ಮೊದಲ ಸಲ ಏಕೆ ಕೆಟ್ಟಿತು ಅಂತ ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರು ಅಲ್ಲಿಂದಲೇ ಶುರು ಮಾಡುತ್ತಾರೆ. ನಾನು ಹಾಜರಿ ಪುಸ್ತಕದ ಹಾಗೆ ಚೌಕ ಹಾಕಿದ್ದೆ. ಎಡಗಡೆ ಹೆಸರು, ಮೇಲೆ 1ರಿಂದ 31, ರಜೆ ಇದ್ದ ಕಡೆ ಕೆಂಪು ಬಣ್ಣ. ನೋಡಲು ಚೆನ್ನಾಗಿತ್ತು. ಆದರೆ ಬಣ್ಣವನ್ನು ಕಂಪ್ಯೂಟರ್ ಎಣಿಸುವುದಿಲ್ಲ. ತಿಂಗಳಿಗೊಂದು ಹಾಳೆ ಆಯಿತು. ಯಾರು ಮೊದಲು ಕೇಳಿದರು ಅನ್ನುವುದು ಎಲ್ಲೂ ಉಳಿಯಲಿಲ್ಲ. ಡಿಸೆಂಬರ್‌ನಲ್ಲಿ "ನನಗೆ ಇನ್ನೆಷ್ಟು ದಿನ ಇದೆ?" ಅಂತ ಕೇಳಿದಾಗ ಹನ್ನೆರಡು ಹಾಳೆ ತಿರುವಿ ಬೆರಳಲ್ಲಿ ಎಣಿಸಬೇಕಾಯಿತು.

ಆದ್ದರಿಂದ ಚೌಕದ ಕ್ಯಾಲೆಂಡರ್ ಬೇಡ. ಒಂದು ರಜೆಗೆ ಒಂದು ಸಾಲು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಬರೆಯುವುದಿಲ್ವಾ, ಹಾಗೆ. ಒಂದರ ಕೆಳಗೆ ಒಂದು ಬರೆಯುತ್ತಾ ಹೋಗುವುದು ನಿಮ್ಮ ಕೆಲಸ. ಕೂಡುವುದು, ಕಳೆಯುವುದು ಕಂಪ್ಯೂಟರಿನ ಕೆಲಸ.

ಮೊದಲು ಒಂದು ಕಾಗದದ ಮೇಲೆ

ಕಂಪ್ಯೂಟರ್ ಹಚ್ಚುವ ಮೊದಲು ಮಾಲೀಕರ ಹತ್ತಿರ ಕೂತು ಕೆಲವು ವಿಷಯ ಗಟ್ಟಿ ಮಾಡಿಕೊಳ್ಳಿ. ಇದನ್ನು ಬಿಟ್ಟು ಸೂತ್ರ (ಕಂಪ್ಯೂಟರಿಗೆ ಯಾವ ಲೆಕ್ಕ ಮಾಡಬೇಕು ಅಂತ ಹೇಳುವ ಸಾಲು) ಬರೆದರೆ ಆಮೇಲೆ ಎಲ್ಲವನ್ನೂ ತಿದ್ದಬೇಕಾಗುತ್ತದೆ.

ಯಾವ ಯಾವ ರಜೆ ಇದೆ? ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಅದರ ಪ್ರಕಾರ ವಯಸ್ಕ ಕೆಲಸಗಾರರಿಗೆ ಪ್ರತಿ 20 ದಿನದ ಕೆಲಸಕ್ಕೆ 1 ದಿನ ಸಂಬಳ ಸಹಿತ ರಜೆ. ಅಂದರೆ ವರ್ಷಕ್ಕೆ 300 ದಿನ ದುಡಿದವರಿಗೆ 15 ದಿನ. ಇದನ್ನು ಗಳಿಕೆ ರಜೆ ಅನ್ನೋಣ. ಅದಲ್ಲದೆ ಹುಷಾರಿಲ್ಲದಾಗ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ. ಇದಕ್ಕೆ ಎಲ್ಲರೂ ಸಿಕ್ ಲೀವ್ ಅನ್ನುತ್ತಾರೆ. ನಿಮ್ಮಲ್ಲಿ ಇದಕ್ಕಿಂತ ಜಾಸ್ತಿ ಕೊಡುತ್ತಿದ್ದರೆ ಒಳ್ಳೆಯದೇ, ಆ ಲೆಕ್ಕವನ್ನೇ ಹಾಕಿ.

ಹಬ್ಬದ ರಜೆ ಬೇರೆ. 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನ ರಜೆ. ಜೊತೆಗೆ ಇನ್ನೂ ಐದು ಹಬ್ಬ. ಆ ಐದು ಯಾವುವು ಅನ್ನುವುದರಲ್ಲಿ ನಮ್ಮ ಜಿಲ್ಲೆಯಲ್ಲೇ ಘಟ್ಟದ ಮೇಲೆ ಒಂದು, ಕೆಳಗೆ ಒಂದು. ಶಿರಸಿ ಕಡೆ ದೀಪಾವಳಿಯ ಗೋಪೂಜೆ ಅಂದರೆ ದೊಡ್ಡಹಬ್ಬ, ಅವತ್ತು ಯಾರೂ ಬರುವುದಿಲ್ಲ. ಕಾರವಾರ, ಅಂಕೋಲಾ ಕಡೆ ಚೌತಿಗೆ ಒಂದು ದಿನ ಸಾಲುವುದೇ ಇಲ್ಲ. ಹಾಲಕ್ಕಿ ಸಮುದಾಯದವರು ಕೆಲಸಕ್ಕಿದ್ದರೆ ಹೋಳಿ ಹೊತ್ತಿನ ಸುಗ್ಗಿ ಅವರಿಗೆ ಮುಖ್ಯ. ಎಲ್ಲರನ್ನೂ ಕೇಳಿಯೇ ಪಟ್ಟಿ ಮಾಡಿ.

ವಾರದ ರಜೆ ಯಾವತ್ತು? ಕಾರವಾರದಲ್ಲಿ ಭಾನುವಾರ ಸಂತೆ. ಸಂತೆಗೆ ಅಂಗಡಿ ತೆರೆದು ಸೋಮವಾರ ಬಾಗಿಲು ಹಾಕುವವರಾದರೆ ಸೂತ್ರದಲ್ಲಿ ಒಂದು ಅಂಕಿ ಬದಲಾಗುತ್ತದೆ. ಮುಂದೆ ಹೇಳುತ್ತೇನೆ.

ಕೊನೆಯದಾಗಿ, ಒಂದು ದಿನ ಎಷ್ಟು ಜನ ಇಲ್ಲದಿದ್ದರೂ ಅಂಗಡಿ ನಡೆಯುತ್ತದೆ? ಒಂಬತ್ತು ಜನರಲ್ಲಿ ನಮಗೆ ಎರಡು. ಈ ಸಂಖ್ಯೆಯನ್ನು ಎಲ್ಲರಿಗೂ ಮುಂಚೆಯೇ ಹೇಳಿಬಿಡಿ.

ಹಾಳೆ ತೆರೆಯುವುದು, ದಿನಾಂಕ ಸರಿ ಮಾಡುವುದು

ನಾನು ಗೂಗಲ್ ಶೀಟ್ಸ್ ಬಳಸುತ್ತೇನೆ. ದುಡ್ಡಿಲ್ಲ, ಫೋನಿನಲ್ಲೂ ತೆರೆಯುತ್ತದೆ, ಮಾಲೀಕರು ಊರಲ್ಲಿ ಇಲ್ಲದಿದ್ದರೂ ನೋಡಬಹುದು. ಎಕ್ಸೆಲ್ ಇದ್ದರೆ ಅದೂ ಆಗುತ್ತದೆ, ಇಲ್ಲಿರುವ ಸೂತ್ರಗಳಲ್ಲಿ ಒಂದನ್ನು ಬಿಟ್ಟು ಉಳಿದವು ಅದರಲ್ಲೂ ನಡೆಯುತ್ತವೆ. ತಯಾರಿಯನ್ನು ಮಾತ್ರ ಕಂಪ್ಯೂಟರಿನಲ್ಲೇ ಮಾಡಿ. ದಿನದ ಕೆಲಸಕ್ಕೆ ಫೋನ್ ಸಾಕು.

ಜಿಮೇಲ್ ತೆರೆದಿರುವ ಬ್ರೌಸರಿನಲ್ಲಿ ಶೀಟ್ಸ್ ಡಾಟ್ ನ್ಯೂ ಅಂತ ಇಂಗ್ಲಿಷ್‌ನಲ್ಲಿ ಹೊಡೆದರೆ ಖಾಲಿ ಹಾಳೆ ಬರುತ್ತದೆ. ಹೆಸರು ಕೊಡಿ: ರಜೆ ಲೆಕ್ಕ 2026.

ಈಗ ಒಂದಕ್ಷರ ಬರೆಯುವ ಮೊದಲೇ ಫೈಲ್ ಮೆನುವಿನಲ್ಲಿ ಸೆಟ್ಟಿಂಗ್ಸ್ ತೆರೆಯಿರಿ. ಲೊಕೇಲ್ ಅಂತ ಇರುವ ಕಡೆ ಇಂಡಿಯಾ ಆರಿಸಿ ಸೇವ್ ಮಾಡಿ. ಇದನ್ನು ದಯವಿಟ್ಟು ಹಾರಿಸಬೇಡಿ. ಅಲ್ಲಿ ಅಮೆರಿಕ ಇದ್ದರೆ 12/09/2026 ಅಂತ ನೀವು ಬರೆದದ್ದು ಸೆಪ್ಟೆಂಬರ್ 12 ಆಗುವುದಿಲ್ಲ, ಡಿಸೆಂಬರ್ 9 ಆಗುತ್ತದೆ. ಅವರಲ್ಲಿ ತಿಂಗಳು ಮೊದಲು. 16/09/2026 ಬರೆದರೆ ಹದಿನಾರನೇ ತಿಂಗಳು ಇಲ್ಲದ್ದರಿಂದ ಅದನ್ನು ದಿನಾಂಕ ಅಂತಲೇ ತೆಗೆದುಕೊಳ್ಳುವುದಿಲ್ಲ. ಮೊದಲನೆಯ ತಪ್ಪು ಜಾಸ್ತಿ ಅಪಾಯ, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ.

ಗುರುತು ಹಿಡಿಯುವುದು ಸುಲಭ. ಸರಿಯಾದ ದಿನಾಂಕ ತಾನಾಗಿ ಬಲಗಡೆಗೆ ಸರಿದು ನಿಲ್ಲುತ್ತದೆ. ಬರೀ ಅಕ್ಷರ ಆಗಿದ್ದರೆ ಎಡಗಡೆ ನಿಲ್ಲುತ್ತದೆ. ದಿನಾಂಕದ ಕಾಲಂ ಆರಿಸಿ, ಫಾರ್ಮ್ಯಾಟ್, ನಂಬರ್, ಕಸ್ಟಮ್ ದಿನಾಂಕಕ್ಕೆ ಹೋಗಿ ವಾರದ ಹೆಸರೂ ಕಾಣುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಶನಿವಾರ ಅಂತ ಇರಬೇಕಾದ ಕಡೆ ಬುಧವಾರ ಅಂತಿದ್ದರೆ ಕೂಡಲೇ ಗೊತ್ತಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಹೆಸರು, ತಲೆಬರಹ ಎಲ್ಲ ಕನ್ನಡದಲ್ಲೇ ಇರಲಿ, ಕೆಲಸ ಚೆನ್ನಾಗಿಯೇ ಆಗುತ್ತದೆ. ಆದರೆ ಯೂನಿಕೋಡ್‌ನಲ್ಲಿ ಬರೆಯಿರಿ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಬರೆದದ್ದು ಆ ಕಂಪ್ಯೂಟರ್ ಬಿಟ್ಟು ಬೇರೆ ಕಡೆ ಅರ್ಥವಿಲ್ಲದ ಅಕ್ಷರವಾಗಿ ಕಾಣುತ್ತದೆ. ಅಂಕಿಗಳನ್ನು 1, 2, 3 ಎಂದೇ ಹಾಕಿ.

ಮೂರು ಟ್ಯಾಬ್

ಕೆಳಗಿನ ಪ್ಲಸ್ ಗುರುತು ಒತ್ತಿ ಮೂರು ಟ್ಯಾಬ್, ಅಂದರೆ ಒಂದೇ ಫೈಲಿನೊಳಗೆ ಮೂರು ಹಾಳೆ ಮಾಡಿ. ಹೆಸರು: ಸಿಬ್ಬಂದಿ, ರಜಾದಿನ, ನೋಂದಣಿ.

ರಜಾದಿನ ಟ್ಯಾಬ್ ಎರಡೇ ಕಾಲಂ. ಎ ಕಾಲಂನಲ್ಲಿ ದಿನಾಂಕ, ಬಿ ಕಾಲಂನಲ್ಲಿ ಯಾವ ಹಬ್ಬ. ಮೊದಲ ಸಾಲು ತಲೆಬರಹ, ಎರಡನೇ ಸಾಲಿನಿಂದ ಪಟ್ಟಿ. ಐದು ನಿಮಿಷದ ಕೆಲಸ.

ಸಿಬ್ಬಂದಿ ಟ್ಯಾಬಿನಲ್ಲಿ ಒಬ್ಬರಿಗೆ ಒಂದು ಸಾಲು. ಎ: ಹೆಸರು. ಬಿ: ಕೆಲಸಕ್ಕೆ ಸೇರಿದ ದಿನ. ಸಿ: ಹೋದ ವರ್ಷದ ಬಾಕಿ. ಡಿ: ಈ ವರ್ಷದ ಗಳಿಕೆ ರಜೆ. ಇ: ಬಳಸಿದ್ದು. ಎಫ್: ಉಳಿದದ್ದು. ಜಿ ಮತ್ತು ಎಚ್‌ನಲ್ಲಿ ಸಿಕ್ ಲೀವ್ ಬಳಸಿದ್ದು, ಉಳಿದದ್ದು. ಇ ಇಂದ ಮುಂದಿನದನ್ನು ಸದ್ಯ ಖಾಲಿ ಬಿಡಿ. ಶಿರಸಿ ಕಡೆ ಒಂದೇ ಅಂಗಡಿಯಲ್ಲಿ ಇಬ್ಬರು ಗಣಪತಿ ಇರುವುದು ಹೊಸದೇನಲ್ಲ. ಹಾಗಿದ್ದರೆ ಹೆಸರಿನ ಜೊತೆ ಊರನ್ನೂ ಸೇರಿಸಿ, ಇಲ್ಲವಾದರೆ ಇಬ್ಬರ ರಜೆ ಒಬ್ಬರ ಲೆಕ್ಕಕ್ಕೆ ಬೀಳುತ್ತದೆ.

ನೋಂದಣಿಯೇ ಮುಖ್ಯ ಟ್ಯಾಬ್. ಎ: ಕೇಳಿದ ದಿನ. ಬಿ: ಹೆಸರು. ಸಿ: ಯಾವ ರಜೆ. ಡಿ: ಯಾವತ್ತಿನಿಂದ. ಇ: ಯಾವತ್ತಿನವರೆಗೆ. ಎಫ್: ಪೂರ್ತಿ ಅಥವಾ ಅರ್ಧ. ಜಿ: ಸ್ಥಿತಿ. ಎಚ್: ಎಷ್ಟು ದಿನ. ಒಂದೇ ದಿನದ ರಜೆಯಾದರೂ ಡಿ, ಇ ಎರಡರಲ್ಲೂ ಅದೇ ದಿನಾಂಕ ಬರೆಯಿರಿ. ವ್ಯೂ ಮೆನುವಿನಲ್ಲಿ ಫ್ರೀಜ್ ಅಂತ ಇದೆ, ಒಂದು ಸಾಲು ಫ್ರೀಜ್ ಮಾಡಿದರೆ ಕೆಳಗೆ ಹೋದರೂ ತಲೆಬರಹ ಕಾಣುತ್ತಿರುತ್ತದೆ.

ಬಿ, ಸಿ, ಎಫ್, ಜಿ ಈ ನಾಲ್ಕಕ್ಕೂ ಡ್ರಾಪ್‌ಡೌನ್, ಅಂದರೆ ಒತ್ತಿದರೆ ತೆರೆದುಕೊಳ್ಳುವ ಆಯ್ಕೆಯ ಪಟ್ಟಿ ಹಾಕಿ. ಕೈಯಿಂದ ಬರೆಯಲು ಬಿಡಲೇಬಾರದು. ಒಬ್ಬರು "ಮಂಜೂರು" ಅಂತ ಬರೆಯುತ್ತಾರೆ, ಇನ್ನೊಬ್ಬರು ಕೊನೆಗೆ ಒಂದು ಸ್ಪೇಸ್ ಬಿಡುತ್ತಾರೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಕಾಲಂ ಆರಿಸಿ ಡೇಟಾ ಮೆನುವಿನ ಡೇಟಾ ವ್ಯಾಲಿಡೇಶನ್‌ಗೆ ಹೋಗಿ. ಹೆಸರಿಗೆ "ಡ್ರಾಪ್‌ಡೌನ್ ಫ್ರಮ್ ಎ ರೇಂಜ್" ಆರಿಸಿ ಸಿಬ್ಬಂದಿ ಟ್ಯಾಬಿನ ಎ ಕಾಲಂ ತೋರಿಸಿ. ಉಳಿದದ್ದಕ್ಕೆ ಬರೀ ಡ್ರಾಪ್‌ಡೌನ್ ಸಾಕು, ಪದಗಳನ್ನು ಅಲ್ಲೇ ಬರೆಯಬಹುದು.

ಯಾವ ರಜೆ ಅನ್ನುವುದಕ್ಕೆ ನಮ್ಮ ಪಟ್ಟಿ ಹೀಗಿದೆ: ಗಳಿಕೆ, ಸಿಕ್, ಬದಲಿ, ದಾರಿ ಬಂದ್, ಸಂಬಳವಿಲ್ಲ. ಬದಲಿ ಅಂದರೆ ಹಬ್ಬದ ದಿನ ಕೆಲಸ ಮಾಡಿದವರಿಗೆ ಕೊಡುವ ರಜೆ. ಕಾಯ್ದೆಯಂತೆ ಅವರಿಗೆ ಆ ದಿನಕ್ಕೆ ದುಪ್ಪಟ್ಟು ಸಂಬಳ ಕೊಡಬೇಕು, ಇಲ್ಲವೇ ಸಂಬಳದ ಜೊತೆ ಬೇರೆ ಒಂದು ದಿನ ರಜೆ ಕೊಡಬೇಕು.

ದಾರಿ ಬಂದ್ ನಮ್ಮ ಜಿಲ್ಲೆಗೆ ಬೇಕೇ ಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಬಂದ್ ಆಗಿತ್ತು. ಆಚೆ ಬದಿಯಲ್ಲಿ ಉಳಿದವರು ಕೆಲಸಕ್ಕೆ ಬರುವುದಾದರೂ ಹೇಗೆ? ಅದನ್ನು ಅವರ ಗಳಿಕೆ ರಜೆಯಿಂದ ಕಳೆಯುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಜೋರು ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ಸಣ್ಣ ಮಕ್ಕಳ ತಾಯಂದಿರು ಬರದಿದ್ದರೆ ಏನು ಮಾಡುವುದು ಅಂತಲೂ ಮಳೆಗಾಲಕ್ಕೆ ಮೊದಲೇ ಮಾತಾಡಿಕೊಳ್ಳಿ.

ಸ್ಥಿತಿಗೆ ನಾಲ್ಕು ಪದ: ಕೇಳಿದ್ದಾರೆ, ಮಂಜೂರು, ಇಲ್ಲ, ರದ್ದು. ಯಾರಾದರೂ ರಜೆ ಬೇಡ ಅಂದರೆ ಸಾಲು ಅಳಿಸಬೇಡಿ, ರದ್ದು ಅಂತ ಮಾಡಿ.

ಕಾರಣ ಬರೆಯಲು ಕಾಲಂ ಇಲ್ಲವಲ್ಲ ಅಂತ ನೀವು ಕೇಳಬಹುದು. ಬೇಕಂತಲೇ ಬಿಟ್ಟಿದ್ದೇನೆ. ಒಬ್ಬರ ಕಾಯಿಲೆ, ಇನ್ನೊಬ್ಬರ ಮನೆಯ ತೊಂದರೆ ಫೈಲ್ ತೆರೆದವರೆಲ್ಲ ಓದುವ ಹಾಗೆ ಇರಬಾರದು. ಡಾಕ್ಟರ ಚೀಟಿ ಇದ್ದರೆ ಅದು ಬೀಗ ಹಾಕಿದ ಡ್ರಾದಲ್ಲಿರಲಿ.

ದಿನ ಎಣಿಸುವ ಸೂತ್ರ

ಇನ್ನು ಮುಂದೆ ಸೂತ್ರದ ಹೆಸರು, ಕಾಲಂ ಅಕ್ಷರಗಳನ್ನು ಕನ್ನಡದಲ್ಲಿ ಬರೆಯುತ್ತೇನೆ. ನೀವು ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಮೊದಲ ಎರಡು ಮೂರು ಅಕ್ಷರ ಹೊಡೆದರೆ ಪೂರ್ತಿ ಹೆಸರನ್ನು ಅದೇ ತೋರಿಸುತ್ತದೆ. ಬೇರೆ ಟ್ಯಾಬಿನ ಹೆಸರನ್ನೂ ಕೈಯಿಂದ ಬರೆಯಬೇಡಿ. ಸೂತ್ರದ ನಡುವೆ ಆ ಟ್ಯಾಬ್ ಒತ್ತಿ, ಬೇಕಾದ ಜಾಗವನ್ನು ಮೌಸಿನಲ್ಲಿ ಆರಿಸಿ.

ನೋಂದಣಿಯ ಎಚ್2ರಲ್ಲಿ, ಅಂದರೆ ಎಚ್ ಕಾಲಂನ ಎರಡನೇ ಸಾಲಿನ ಚೌಕದಲ್ಲಿ, ಇದನ್ನು ಹಾಕಿ:

=ಇಫ್(ಡಿ2="","",ಇಫ್(ಎಫ್2="ಅರ್ಧ",0.5,ನೆಟ್‌ವರ್ಕ್‌ಡೇಸ್.ಇಂಟ್ಲ್(ಡಿ2,ಇ2,11,ರಜಾದಿನ!ಎ$2:ಎ$20)))

ಉದ್ದ ಇದೆ, ಹೆದರಬೇಡಿ. ದಿನಾಂಕ ಖಾಲಿ ಇದ್ದರೆ ಖಾಲಿ ಬಿಡು. ಅರ್ಧ ಅಂತಿದ್ದರೆ 0.5 ಹಾಕು. ಇಲ್ಲವಾದರೆ ಡಿ ಇಂದ ಇ ವರೆಗೆ ಎಣಿಸು, ವಾರದ ರಜೆ ಮತ್ತು ಹಬ್ಬ ಬಿಡು. ಇಷ್ಟೇ ಅದರ ಅರ್ಥ. ನೆಟ್‌ವರ್ಕ್‌ಡೇಸ್ ಒಂದೇ ಪದ, ಆಮೇಲೆ ಚುಕ್ಕಿ, ಆಮೇಲೆ ಐ, ಎನ್, ಟಿ, ಎಲ್. ಚುಕ್ಕಿ ಇಲ್ಲದ ಬರೀ ನೆಟ್‌ವರ್ಕ್‌ಡೇಸ್ ಬಳಸಿದರೆ ಅದು ಶನಿವಾರವನ್ನೂ ರಜೆ ಅಂತ ಬಿಟ್ಟುಬಿಡುತ್ತದೆ. ಶನಿವಾರ ಕೆಲಸ ಇರುವ ನಮ್ಮಂಥವರಿಗೆ ಅದು ಆಗುವುದಿಲ್ಲ.

11 ಅಂದರೆ ಭಾನುವಾರ ಮಾತ್ರ ವಾರದ ರಜೆ. ಸೋಮವಾರವಾದರೆ 12, ಮಂಗಳವಾರ 13, ಹಾಗೇ ಶನಿವಾರಕ್ಕೆ 17. ಡಾಲರ್ ಗುರುತು ಇರುವುದು ರಜಾದಿನದ ಪಟ್ಟಿ ಜಾರದಿರಲಿ ಅಂತ. ಸೂತ್ರವನ್ನು ಕೆಳಗೆ ಎಳೆದಾಗ ಡಿ2 ತಾನಾಗಿ ಡಿ3 ಆಗಬೇಕು, ಆದರೆ ಹಬ್ಬದ ಪಟ್ಟಿ ಅಲ್ಲೇ ಇರಬೇಕು, ಅಲ್ವಾ? ಈಗ ಎಚ್2ರ ಮೂಲೆಯ ಚುಕ್ಕಿ ಹಿಡಿದು 500ನೇ ಸಾಲಿನವರೆಗೆ ಎಳೆಯಿರಿ.

ಪರೀಕ್ಷೆ ಮಾಡಿ. 2026ರ ಚೌತಿ ಸೆಪ್ಟೆಂಬರ್ 14, ಸೋಮವಾರ. ಅದು ರಜಾದಿನ ಪಟ್ಟಿಯಲ್ಲಿರಲಿ. ಒಬ್ಬರು 12ರಿಂದ 16ರವರೆಗೆ ರಜೆ ಕೇಳಿದ್ದಾರೆ ಅಂತ ಒಂದು ಸಾಲು ಬರೆಯಿರಿ. ಲೆಕ್ಕಕ್ಕೆ ಐದು ದಿನ. 13 ಭಾನುವಾರ, 14 ಚೌತಿ. ಹಾಗಾಗಿ ಎಚ್‌ನಲ್ಲಿ 3 ಬರಬೇಕು. ಬರೀ ಭಾನುವಾರದ ಒಂದು ಸಾಲು ಹಾಕಿ, 0 ಬರಬೇಕು. ಅರ್ಧ ದಿನದ್ದೊಂದು ಹಾಕಿ. ವ್ಯಾಲ್ಯೂ ಎರರ್ ಬಂದರೆ ದಿನಾಂಕ ಎಡಗಡೆ ನಿಂತಿದೆಯಾ ನೋಡಿ.

ಅರ್ಧ ದಿನವನ್ನು ಸುಮ್ನೆ ಇಟ್ಟದ್ದಲ್ಲ. ಚಳಿಗಾಲ, ಬೇಸಿಗೆಯ ಯಕ್ಷಗಾನದ ದಿನಗಳಲ್ಲಿ ರಾತ್ರಿಯಿಡೀ ವೇಷ ಮಾಡಿ ಬಂದವರು ಮರುದಿನ ಮಧ್ಯಾಹ್ನದ ಮೇಲೆ ಬರುತ್ತೇನೆ ಅನ್ನುತ್ತಾರೆ. ಅದಕ್ಕೆ ಪೂರ್ತಿ ದಿನ ಕಳೆದರೆ ಅವರಿಗೆ ನಷ್ಟ, ಏನೂ ಬರೆಯದಿದ್ದರೆ ಉಳಿದವರಿಗೆ ಬೇಜಾರು. ಅರ್ಧ ದಿನ ಯಾವಾಗಲೂ ಒಂದೇ ದಿನದ ಸಾಲಾಗಿರಲಿ. ಎರಡೂವರೆ ದಿನವಾದರೆ ಎರಡು ಸಾಲು ಮಾಡಿ.

ಎಷ್ಟು ಉಳಿಯಿತು

ಸಿಬ್ಬಂದಿ ಟ್ಯಾಬಿಗೆ ಬನ್ನಿ. ಇ2ರಲ್ಲಿ:

=ಸಮ್‌ಇಫ್ಸ್(ನೋಂದಣಿ!ಎಚ್$2:ಎಚ್$500,ನೋಂದಣಿ!ಬಿ$2:ಬಿ$500,ಎ2,ನೋಂದಣಿ!ಸಿ$2:ಸಿ$500,"ಗಳಿಕೆ",ನೋಂದಣಿ!ಜಿ$2:ಜಿ$500,"ಮಂಜೂರು")

ಈ ಹೆಸರಿನವರ, ಗಳಿಕೆ ಎಂಬ ರಜೆಯ, ಮಂಜೂರಾದ ಸಾಲುಗಳ ದಿನಗಳನ್ನು ಕೂಡು ಅಂತ ಅರ್ಥ. ಎಲ್ಲ ಕಡೆ 2ರಿಂದ 500 ಅಂತಲೇ ಇರಬೇಕು, ಒಂದು ಕಡೆ 400 ಆದರೂ ತಪ್ಪು ತೋರಿಸುತ್ತದೆ. ಎಫ್2ರಲ್ಲಿ =ಸಿ2+ಡಿ2-ಇ2. ಜಿ2ಕ್ಕೆ ಅದೇ ಸೂತ್ರ, "ಗಳಿಕೆ" ಬದಲು "ಸಿಕ್". ಎಚ್2ರಲ್ಲಿ =12-ಜಿ2. ಎಲ್ಲವನ್ನೂ ಕೆಳಗೆ ಎಳೆಯಿರಿ. ಈಗ ಪರೀಕ್ಷೆಯ ಸಾಲಿನಲ್ಲಿ ಸ್ಥಿತಿಯನ್ನು ಕೇಳಿದ್ದಾರೆ ಇಂದ ಮಂಜೂರು ಮಾಡಿ ನೋಡಿ. ಉಳಿದದ್ದು ಕಣ್ಣೆದುರೇ ಮೂರು ಕಡಿಮೆಯಾಗುತ್ತದೆ. ಎಲ್ಲ ಸರಿ ಅನ್ನಿಸಿದ ಮೇಲೆ ಪರೀಕ್ಷೆಯ ಸಾಲುಗಳಲ್ಲಿ ಎ ಇಂದ ಜಿ ವರೆಗಿನದನ್ನು ಮಾತ್ರ ಖಾಲಿ ಮಾಡಿ, ಎಚ್‌ನ ಸೂತ್ರ ಮುಟ್ಟಬೇಡಿ.

ಅವತ್ತು ಯಾರಿಲ್ಲ

ಜಾತ್ರೆಯ ದಿನ ನಮಗೆ ಆದದ್ದು ಮತ್ತೆ ಆಗದಂತೆ ತಡೆಯುವುದು ಈ ನಾಲ್ಕನೇ ಟ್ಯಾಬ್. ಹೆಸರು: ಯಾರಿಲ್ಲ. ಎ2ರಲ್ಲಿ 01/01/2026. ಎ3ರಲ್ಲಿ =ಎ2+1. ವರ್ಷದ ಕೊನೆಯವರೆಗೆ ಎಳೆಯಿರಿ. ಬಿ2ರಲ್ಲಿ:

=ಕೌಂಟ್‌ಇಫ್ಸ್(ನೋಂದಣಿ!ಡಿ$2:ಡಿ$500,"<="&ಎ2,ನೋಂದಣಿ!ಇ$2:ಇ$500,">="&ಎ2,ನೋಂದಣಿ!ಜಿ$2:ಜಿ$500,"ಮಂಜೂರು")

ರಜೆ ಆ ದಿನ ಅಥವಾ ಅದಕ್ಕೂ ಮೊದಲು ಶುರುವಾಗಿ, ಆ ದಿನ ಅಥವಾ ಆಮೇಲೆ ಮುಗಿಯುವುದಾದರೆ ಆ ದಿನ ಅವರಿಲ್ಲ. ಎಷ್ಟು ಜನ ಅನ್ನುವುದು ಬಂತು. ಹೆಸರೂ ಬೇಕಾದರೆ ಸಿ2ರಲ್ಲಿ:

=ಇಫ್‌ಎರರ್(ಟೆಕ್ಸ್ಟ್‌ಜಾಯಿನ್(", ",ಟ್ರೂ,ಫಿಲ್ಟರ್(ನೋಂದಣಿ!ಬಿ$2:ಬಿ$500,ನೋಂದಣಿ!ಡಿ$2:ಡಿ$500<=ಎ2,ನೋಂದಣಿ!ಇ$2:ಇ$500>=ಎ2,ನೋಂದಣಿ!ಜಿ$2:ಜಿ$500="ಮಂಜೂರು")),"")

ಇದೊಂದು ಸೂತ್ರವನ್ನು ಎಕ್ಸೆಲ್ ಹೀಗೇ ಒಪ್ಪುವುದಿಲ್ಲ, ಗೂಗಲ್ ಶೀಟ್ಸ್‌ಗೆ ಸರಿ. ಎರಡನ್ನೂ ಕೆಳಗೆ ಎಳೆದು, ಬಿ ಕಾಲಂ ಆರಿಸಿ, ಫಾರ್ಮ್ಯಾಟ್ ಮೆನುವಿನ ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ "ಗ್ರೇಟರ್ ದ್ಯಾನ್ ಆರ್ ಈಕ್ವಲ್ ಟು 2" ಅಂತ ಕೊಟ್ಟು ಕೆಂಪು ಹಾಕಿ. ನಿಮ್ಮ ಮಿತಿ ಎಷ್ಟೋ ಅಷ್ಟು. ಕೆಂಪು ಆದ ದಿನಕ್ಕೆ ಇನ್ನೊಬ್ಬರು ಕೇಳಿದರೆ ಮಂಜೂರು ಮಾಡುವ ಮೊದಲು ಕಾಣುತ್ತದೆ.

ಮಾಮೂಲಿ ದಿನಕ್ಕೆ ಮೊದಲು ಕೇಳಿದವರಿಗೆ ಮೊದಲು. ನೋಂದಣಿಯ ಎ ಕಾಲಂ ಇರುವುದು ಅದಕ್ಕೇ. ಜಾತ್ರೆ, ಚೌತಿಗೆ ಆ ನಿಯಮ ಸರಿಹೋಗುವುದಿಲ್ಲ, ಜನವರಿಯಲ್ಲೇ ಬರೆಸಿಟ್ಟವರಿಗೇ ಪ್ರತಿ ಸಲ ಸಿಗುತ್ತದೆ. ಹೋದ ಸಲ ಯಾರಿಗೆ ಸಿಕ್ಕಿತ್ತು ನೋಡಿ, ಈ ಸಲ ಉಳಿದವರಿಗೆ ಕೊಡಿ. ತೋಟ ಇರುವವರಿಗೆ ಅಡಿಕೆ ಕೊಯ್ಲಿನ ದಿನ ಮುಂಚೆ ಹೇಳಲು ಆಗುವುದಿಲ್ಲ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರ ಬಂದ ದಿನವೇ ಕೊಯ್ಲು. ಚಳಿಗಾಲದಲ್ಲಿ ಅವರಿಗಾಗಿ ಒಂದು ಜಾಗ ಖಾಲಿ ಇಡುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ.

ಯಾರು ನೋಡಬೇಕು, ಯಾರು ಬರೆಯಬೇಕು

ಗೂಗಲ್ ಶೀಟ್ಸ್‌ನಲ್ಲಿ ಒಂದು ಟ್ಯಾಬ್ ಮಾತ್ರ ಹಂಚಲು ಬರುವುದಿಲ್ಲ. ಹಂಚಿದರೆ ಇಡೀ ಫೈಲ್. ಯಾರು ಎಷ್ಟು ಸಿಕ್ ಲೀವ್ ಹಾಕಿದರು ಅಂತ ಎಲ್ಲರೂ ನೋಡಬೇಕಾಗಿಲ್ಲ. ನಮ್ಮಲ್ಲಿ ಫೈಲ್ ತೆರೆಯುವವರು ನಾನು ಮತ್ತು ಮಾಲೀಕರು ಇಬ್ಬರೇ. ಶೇರ್ ಬಟನ್ ಒತ್ತಿದಾಗ ರಿಸ್ಟ್ರಿಕ್ಟೆಡ್ ಅಂತಲೇ ಇರಲಿ, "ಎನಿವನ್ ವಿತ್ ದ ಲಿಂಕ್" ಬೇಡ. ಯಾರಿಲ್ಲ ಟ್ಯಾಬಿನ ಮುಂದಿನ ಎರಡು ತಿಂಗಳನ್ನು ಪ್ರಿಂಟ್ ತೆಗೆದು ಚಹಾ ಇಡುವ ಮೇಜಿನ ಮೇಲೆ ಗೋಡೆಗೆ ಅಂಟಿಸುತ್ತೇನೆ. ಅದರಲ್ಲಿ ಹೆಸರಿದೆ, ಯಾವ ರಜೆ ಅಂತ ಇಲ್ಲ. ಸಂಬಳದ ದಿನ ಪ್ರತಿಯೊಬ್ಬರಿಗೂ ಅವರ ಬಾಕಿ ಮಾತ್ರ ಒಂದು ಚೀಟಿಯಲ್ಲಿ ಕೊಡುತ್ತೇನೆ. ತಪ್ಪಿದ್ದರೆ ಅವತ್ತೇ ಹೇಳುತ್ತಾರೆ, ಡಿಸೆಂಬರ್‌ವರೆಗೆ ಕಾಯುವುದಿಲ್ಲ.

ಸೂತ್ರ ಇರುವ ಕಾಲಂಗಳಿಗೆ ಡೇಟಾ ಮೆನುವಿನಲ್ಲಿ "ಪ್ರೊಟೆಕ್ಟ್ ಶೀಟ್ಸ್ ಆ್ಯಂಡ್ ರೇಂಜಸ್" ಹಾಕಿ. ಫೋನಿನಲ್ಲಿ ಬೆರಳು ತಾಗಿ ಸೂತ್ರ ಅಳಿಸಿಹೋಗುವುದು ಆಗುತ್ತಿರುತ್ತದೆ. ಅಳಿಸಿದರೂ ಫೈಲ್ ಮೆನುವಿನ ವರ್ಷನ್ ಹಿಸ್ಟರಿಯಲ್ಲಿ ಹಳೆಯದು ಸಿಗುತ್ತದೆ.

ರಜೆಯನ್ನು ಬಾಯಲ್ಲಿ ಕೇಳಿದರೂ, ಫೋನಿನಲ್ಲಿ ಕೇಳಿದರೂ ಅವತ್ತೇ ಒಂದು ಸಾಲು ಬರೆಯಿರಿ. ಸ್ಥಿತಿ ಕೇಳಿದ್ದಾರೆ ಅಂತಿದ್ದರೂ ಆಯಿತು. ಸಾಲು ಬರೆಯುವ ಮೊದಲು ಯಾರೂ "ಆಯ್ತು" ಅನ್ನುವಂತಿಲ್ಲ, ಮಾಲೀಕರೂ ಸಹ. ಇದನ್ನು ಅವರಿಂದ ಒಪ್ಪಿಸಲು ನನಗೆ ಎರಡು ತಿಂಗಳು ಹಿಡಿಯಿತು. ಸೂತ್ರಗಳಿಗಿಂತ ಅದೇ ಕಷ್ಟದ್ದಾಗಿತ್ತು.

ಹೊಸ ವರ್ಷ ಬಂದಾಗ

ಡಿಸೆಂಬರ್ 30ರಿಂದ ಜನವರಿ 2ರವರೆಗೆ ಯಾರಾದರೂ ರಜೆ ಕೇಳಿದರೆ ಎರಡು ಸಾಲಾಗಿ ಒಡೆಯಿರಿ. 31ರವರೆಗಿನದು ಹಳೆ ಫೈಲಿಗೆ, 1ರಿಂದ ಮುಂದಿನದು ಹೊಸದಕ್ಕೆ. ಫೈಲ್ ಮೆನುವಿನಲ್ಲಿ "ಮೇಕ್ ಎ ಕಾಪಿ" ಕೊಟ್ಟು ಹೊಸ ವರ್ಷದ ಹೆಸರಿಡಿ. ಹೊಸ ಫೈಲಿನ ಸಿಬ್ಬಂದಿ ಟ್ಯಾಬಿನಲ್ಲಿ ಮೊದಲು ಎಫ್ ಕಾಲಂನ ಉಳಿಕೆಯನ್ನು ನಕಲು ಮಾಡಿ, ಸಿ ಕಾಲಂನಲ್ಲಿ "ಪೇಸ್ಟ್ ಸ್ಪೆಷಲ್" ಮೂಲಕ "ವ್ಯಾಲ್ಯೂಸ್ ಓನ್ಲಿ" ಅಂತ ಅಂಟಿಸಿ. ಬರೀ ಪೇಸ್ಟ್ ಮಾಡಿದರೆ ಅಂಕಿ ಬರುವುದಿಲ್ಲ, ಸೂತ್ರ ಬರುತ್ತದೆ. ಅಂಟಿಸಿದ ಕೂಡಲೇ ಎಫ್‌ನ ಅಂಕಿ ಬದಲಾಗಿ ತಪ್ಪಾದಂತೆ ಕಾಣುತ್ತದೆ, ಗಾಬರಿಯಾಗಬೇಡಿ. ಆಮೇಲೆ ನೋಂದಣಿಯಲ್ಲಿ ಎ ಇಂದ ಜಿ ವರೆಗೆ ಅಳಿಸಿ, ಸಿಬ್ಬಂದಿ ಟ್ಯಾಬಿನ ಡಿ ಕಾಲಂನಲ್ಲಿ ಹೊಸ ವರ್ಷದ ಗಳಿಕೆ ರಜೆ ಹಾಕಿ. ಅಂಕಿ ಸರಿಯಾಗುತ್ತದೆ. ರಜಾದಿನ ಟ್ಯಾಬಿನಲ್ಲಿ ಹಬ್ಬಗಳ ಹೊಸ ದಿನಾಂಕ, ಯಾರಿಲ್ಲ ಟ್ಯಾಬಿನ ಎ2ರಲ್ಲಿ ಹೊಸ ಜನವರಿ 1. ಹಳೆ ಫೈಲನ್ನು ಅಳಿಸದೆ ಹಾಗೇ ಇಡಿ. ಮುಂದಿನ ಜಾತ್ರೆಗೆ ಯಾರ ಸರದಿ ಅಂತ ನೋಡಲು ಅದೇ ಬೇಕು.